ಬಡ ಬ್ಯಾಟ್‌ಮನ್, ಸಂಸಾರಿ ಸ್ಪೈಡರ್‌ಮ್ಯಾನ್: ಹೊಸ ಕಾಮಿಕ್ಸ್ ಓದಿದವರು ಬನ್ನಿ

ಬದಿಯಡ್ಕ_ಬಸ್ಸು:

ಕಳೆದ ಶನಿವಾರ ಮಂಗಳೂರಿಗೆ ಹೋದವನು ಎರಡು ದಪ್ಪ ಕಾಮಿಕ್ಸ್ ಹೊತ್ತುಕೊಂಡು ಬಂದೆ. ಒಂದು ಅಮೆರಿಕದ ಕಾಮಿಕ್ಸ್ ಕಂಪನಿ ಡಿಸಿಯವರ ‘ಅಬ್ಸಲ್ಯೂಟ್ ಬ್ಯಾಟ್‌ಮನ್’ ಮೊದಲ ಸಂಪುಟ. ಇನ್ನೊಂದು ಅವರ ಎದುರಾಳಿ ಕಂಪನಿ ಮಾರ್ವೆಲ್‌ನವರ ಹೊಸ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’. ತಲಪಾಡಿಯಲ್ಲಿ ಓದಲು ಶುರು ಮಾಡಿದೆ. ಕುಂಬಳೆಯಲ್ಲಿ ಇಳಿದು ಬದಿಯಡ್ಕದ ಬಸ್ಸು ಹಿಡಿಯಬೇಕಿತ್ತು. ತಲೆ ಎತ್ತಿ ನೋಡುವಾಗ ಕಾಸರಗೋಡು ಪೇಟೆ. ಪುಸ್ತಕ ಹೇಗಿದೆ ಎಂದು ಇನ್ನು ಬೇರೆ ಹೇಳಬೇಕಾ?

ಓದದವರಿಗಾಗಿ ಸ್ವಲ್ಪ ಹೇಳುತ್ತೇನೆ. ‘ಅಬ್ಸಲ್ಯೂಟ್’ ಅಂದರೆ 2024ರ ಅಕ್ಟೋಬರ್‌ನಲ್ಲಿ ಡಿಸಿಯವರು ಶುರು ಮಾಡಿದ ಬೇರೆಯೇ ಲೋಕ. ಹಳೆಯ ಕಥೆ ಒಂದೂ ಗೊತ್ತಿರಬೇಕಾಗಿಲ್ಲ. ಬರೆದವರು ಸ್ಕಾಟ್ ಸ್ನೈಡರ್, ಚಿತ್ರ ನಿಕ್ ಡ್ರಗೋಟ. ಇಲ್ಲಿ ಬ್ಯಾಟ್‌ಮನ್ ಆಗುವ ಬ್ರೂಸ್ ವೇಯ್ನ್‌ಗೆ ಅರಮನೆ ಇಲ್ಲ, ಕಂಪನಿ ಇಲ್ಲ. ಅಪ್ಪ ಶಾಲೆಯ ಮೇಷ್ಟ್ರು. ಮಕ್ಕಳನ್ನು ಮೃಗಾಲಯ ನೋಡಲು ಕರೆದುಕೊಂಡು ಹೋದ ದಿನ ಗುಂಡೇಟಿಗೆ ಸಾಯುತ್ತಾರೆ. ಅಮ್ಮ ಬದುಕಿದ್ದಾಳೆ. ಬ್ರೂಸ್ 24ರ ಹರೆಯದ ಇಂಜಿನಿಯರ್. ಆಲ್ಫ್ರೆಡ್ ಮನೆಯ ಆಳಲ್ಲ, ಬ್ರಿಟಿಷ್ ಗೂಢಚಾರ. ಎದೆಯ ಮೇಲಿನ ಬಾವಲಿಯನ್ನು ಕಿತ್ತು ಕೈಗೆ ತೆಗೆದುಕೊಂಡರೆ ಅದೇ ಕೊಡಲಿ!

ನನ್ನ ಪ್ರಶ್ನೆ ಇಷ್ಟೇ. ದುಡ್ಡಿಲ್ಲದ ಬ್ಯಾಟ್‌ಮನ್ ಬ್ಯಾಟ್‌ಮನ್ನೇ ಹೌದಾ? ನಾನು ಹೌದು ಎನ್ನುತ್ತೇನೆ. ಮನೆಯಲ್ಲಿ ತಮ್ಮ ಒಪ್ಪುತ್ತಿಲ್ಲ. ಊಟಕ್ಕೆ ಕೂತಾಗಲೂ ಇದೇ ಜಗಳ.

ಉಪ್ಪಳ_ಗೇಟು:

ನಿಮ್ಮ ತಮ್ಮನಿಗೆ ನನ್ನ ಓಟು.

ಸೂಪರ್‌ಮ್ಯಾನ್‌ಗೆ ಹಾರಲು ಬರುತ್ತದೆ. ಫ್ಲ್ಯಾಶ್‌ಗೆ ಓಡಲು ಬರುತ್ತದೆ. ಬ್ಯಾಟ್‌ಮನ್‌ಗೆ ಬರುವುದು ಚೆಕ್ಕಿಗೆ ಸೈನ್ ಹಾಕಲು. 1939ರಿಂದ ಅವನ ಶಕ್ತಿಯೇ ಅದು. ಅದನ್ನೂ ಕಿತ್ತುಕೊಂಡರೆ ಉಳಿಯುವುದು ರಾತ್ರಿ ನಿದ್ದೆ ಬಾರದ ಒಬ್ಬ ದಾಂಡಿಗ.

ನಾನೂ ಇಂಜಿನಿಯರೇ ಮಾರಾಯ್ರೆ. ಹೆದ್ದಾರಿ ಅಗಲ ಮಾಡುವ ಕೆಲಸದಲ್ಲಿದ್ದೇನೆ. ನಮ್ಮ ಸೈಟಿನಲ್ಲಿ ಡೀಸೆಲ್ ಲೆಕ್ಕ ಬರೆಯದೆ ಒಂದು ಟಿಪ್ಪರ್ ಅಲುಗಾಡುವುದಿಲ್ಲ. ಇವನು ಗಣಿಯ ಲಾರಿಯಷ್ಟು ದೊಡ್ಡ ಗಾಡಿಯಲ್ಲಿ ರಾತ್ರಿಯೆಲ್ಲ ಊರು ಸುತ್ತುತ್ತಾನೆ. ಡೀಸೆಲ್ ಯಾರ ಅಪ್ಪನದು? ಮೈ ನೋಡಿದಿರಾ? ಕುತ್ತಿಗೆಯೇ ಇಲ್ಲ. ಇಷ್ಟು ದಪ್ಪ ಇರುವವನನ್ನು ಆಫೀಸಿನಲ್ಲಿ ಒಬ್ಬರೂ ಗುರುತು ಹಿಡಿಯುವುದಿಲ್ಲವಂತೆ!

ಪೆರ್ಲ_ಮಾಷ್ಟ್ರು:

ನಾನು ನಿವೃತ್ತ. ಕಾಮಿಕ್ಸ್ ಓದುವ ಪ್ರಾಯ ಅಲ್ಲ ಎಂದು ಮನೆಯಲ್ಲಿ ಹೇಳುತ್ತಾರೆ. ಆದರೆ ರಜೆಗೆ ಬಂದ ಮೊಮ್ಮಗ ಟ್ಯಾಬ್‌ನಲ್ಲಿ ಈ ಬ್ಯಾಟ್‌ಮನ್ ತೋರಿಸಿದ. ಎರಡು ರಾತ್ರಿ ಕೂತು ಮುಗಿಸಿದೆ.

ನೀವಿಬ್ಬರೂ ಕಿತ್ತಾಡುವ ವಿಷಯವನ್ನು ನಮ್ಮೂರಿನ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಎಂದೋ ಬಗೆಹರಿಸಿದೆ. ಭಾಗವತರು ಹಾಡುವ ಪದ ಒಂದೇ. ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣದ ಪ್ರಸಂಗಗಳು ಕುಂಬಳೆ ಸೀಮೆಯಲ್ಲಿ ಹುಟ್ಟಿದವು. ಇಂದಿಗೂ ಪದ ಅದೇ. ವಾಲಿ ಸಾಯಲೇಬೇಕು. ಪದಕ್ಕೆ ಮಾತು ಕಟ್ಟುವ ಯಾವ ಅರ್ಥಧಾರಿಯೂ ಅದನ್ನು ತಪ್ಪಿಸಲಾರ. ಆದರೆ ಬಾಣ ತಾಗಿದ ಮೇಲೆ, ಪ್ರಾಣ ಹೋಗುವ ಮೊದಲು, ಅವನು ರಾಮನನ್ನು ಏನು ಕೇಳುತ್ತಾನೆ ಎಂಬುದು ಅರ್ಥ ಹೇಳುವವನ ಕೈಯಲ್ಲಿದೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ನಾನು ಕೇಳಿದ್ದೇನೆ. ಹೋಗುವಾಗ ರಾಮನ ಕಡೆ ಇದ್ದೆ. ಬೆಳಗಿನ ಜಾವ ಮನೆಗೆ ಬರುವಾಗ ವಾಲಿಯ ಕಡೆ. ಪದ ಒಂದಕ್ಷರವೂ ಬದಲಾಗಿರಲಿಲ್ಲ.

ಈ ಸ್ನೈಡರ್ ಮಾಡಿದ್ದೂ ಅದೇ. ಎಳೆ ಪ್ರಾಯದಲ್ಲಿ ಕಣ್ಣೆದುರು ಸಾವು, ಬಾವಲಿಯ ವೇಷ, ಊರು ಕಾಯುವ ಹಟ. ಇದು ಪದ. ಅರಮನೆ, ಕಾರು, ದುಡ್ಡು ಎಲ್ಲ ಅರ್ಥ. ಇವತ್ತಿನ ಅರ್ಥಧಾರಿ ಬೇರೆ, ಅಷ್ಟೇ.

ಉಪ್ಪಳ_ಗೇಟು:

ಮಾಷ್ಟ್ರೇ, ಮಾತು ಚೆನ್ನಾಗಿದೆ. ಆದರೆ ಒಂದು ಕಡೆ ಸಿಕ್ಕಿಬಿದ್ದಿರಿ. ಅಪ್ಪ ಅಮ್ಮ ಇಬ್ಬರೂ ಸಾಯುವುದೇ ಪದ ಅಲ್ವಾ? ಇಲ್ಲಿ ಅಮ್ಮ ಬದುಕಿದ್ದಾಳೆ. ಇದು ಅರ್ಥ ಬದಲಾಯಿಸಿದ್ದಲ್ಲ, ಪದವನ್ನೇ ತಿದ್ದಿದ್ದು. ವಾಲಿಯನ್ನು ಅರ್ಧ ಉಳಿಸಿದ ಹಾಗೆ.

ಪೆರ್ಲ_ಮಾಷ್ಟ್ರು:

ಸರಿಯಾದ ಪೆಟ್ಟು. ಅಮ್ಮ ಬದುಕಿರುವುದು ನನಗೂ ತೊಡಕೇ. ನಾಳೆಯವರೆಗೆ ಸಮಯ ಕೊಡಿ.

ಬದಿಯಡ್ಕ_ಬಸ್ಸು:

ಮಾಷ್ಟ್ರ ಪರವಾಗಿ ನಾನೇ ಹೇಳುತ್ತೇನೆ. ಅಮ್ಮ ಬದುಕಿರುವುದರಿಂದಲೇ ಈ ಕಥೆ ನನಗೆ ತಾಗಿತು. ಹಳೆಯ ಬ್ಯಾಟ್‌ಮನ್‌ಗೆ ಕಳೆದುಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಇವನಿಗೆ ಸುಳ್ಳು ಹೇಳಲು ಒಬ್ಬಳು ಅಮ್ಮ ಇದ್ದಾಳೆ. ರಾತ್ರಿ ತಡವಾಗಿ ಬಂದರೆ ಎಲ್ಲಿ ಹೋಗಿದ್ದೆ ಎಂದು ಕೇಳುವವಳು ಇದ್ದಾಳೆ. ಮೈಯಲ್ಲಿ ಬಾವು ಕಂಡರೆ ಏನಾಯಿತು ಎಂದು ಕೇಳುತ್ತಾಳೆ. ಊರಿಡೀ ಹೆದರುವವನು ಅಮ್ಮನ ಎದುರು ತಡವರಿಸುತ್ತಾನೆ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಬೇರೆ ಕಥೆಗಳಲ್ಲಿ ಅವನ ವೈರಿಗಳಾಗುವವರು ಇಲ್ಲಿ ಅವನ ಬಾಲ್ಯದ ಗೆಳೆಯರು. ಕಿಲ್ಲರ್ ಕ್ರಾಕ್ ಆಗುವ ವೇಲನ್, ಪೆಂಗ್ವಿನ್ ಆಗುವ ಆಸ್ವಾಲ್ಡ್, ಟು ಫೇಸ್ ಆಗುವ ಹಾರ್ವಿ, ರಿಡ್ಲರ್ ಆಗುವ ಎಡ್ಡಿ. ಒಂದೇ ಬೀದಿಯಲ್ಲಿ ಆಡಿದವರು. ಇವರೆಲ್ಲ ಮುಂದೆ ಏನಾಗಬಹುದು ಎಂದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಅವರು ಒಟ್ಟಿಗೆ ನಗುವ ಒಂದು ಪುಟ ನೋಡಿ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ನಮ್ಮ ಕ್ಲಾಸಿನ ಫೋಟೋ ನೆನಪಾಯಿತು. ಅದರಲ್ಲಿ ಇಬ್ಬರು ಗಲ್ಫಿನಲ್ಲಿ, ಒಬ್ಬ ಜೈಲಿನಲ್ಲಿ.

ಮಂಜೇಶ್ವರದಕ್ಕ:

ನೀವು ಗಂಡಸರು ಬ್ಯಾಟ್‌ಮನ್‌ನ ಡೀಸೆಲ್ ಲೆಕ್ಕ ಮಾಡುತ್ತಾ ಇರಿ. ಸ್ಪೈಡರ್‌ಮ್ಯಾನ್ ಬಗ್ಗೆ ಯಾರೂ ಮಾತೇ ಆಡಲಿಲ್ಲವಲ್ಲ. ನಾನು ಹೇಳುತ್ತೇನೆ.

ಇದು 2024ರ ಜನವರಿಯಲ್ಲಿ ಶುರುವಾದದ್ದು. ಬರೆದವರು ಜೊನಾಥನ್ ಹಿಕ್‌ಮನ್, ಚಿತ್ರ ಹೆಚ್ಚಿನವು ಮಾರ್ಕೊ ಕೆಕೆಟ್ಟೊ. ಪೀಟರ್ ಪಾರ್ಕರ್ ಇಲ್ಲಿ ಶಾಲೆಯ ಹುಡುಗ ಅಲ್ಲ. ಮೂವತ್ತು ದಾಟಿದವನು. ಮದುವೆಯಾಗಿದೆ, ಎರಡು ಮಕ್ಕಳಿದ್ದಾರೆ. ಹುಡುಗನಾಗಿದ್ದಾಗ ಜೇಡ ಕಚ್ಚಬೇಕಿತ್ತು. ಒಬ್ಬ ದುಷ್ಟ ಅದನ್ನು ತಪ್ಪಿಸಿದ್ದ. ಇಷ್ಟು ವರ್ಷ ಕಳೆದ ಮೇಲೆ ಟೋನಿ ಸ್ಟಾರ್ಕ್ ಆ ಜೇಡವನ್ನು ಕಳಿಸಿಕೊಡುತ್ತಾನೆ. ಬೇಕಾದರೆ ಕಚ್ಚಿಸಿಕೋ, ಬೇಡವಾದರೆ ಬಿಡು. ನಿರ್ಧಾರ ಅವನದು.

ನಾನು ಓದು ನಿಲ್ಲಿಸಿದ್ದು ಅಲ್ಲಿ. ಹದಿನೈದರಲ್ಲಿ ಕಚ್ಚಿದರೆ ಅದು ಹಣೆಬರಹ. ಮೂವತ್ತೈದರಲ್ಲಿ, ಮಕ್ಕಳು ಪಕ್ಕದ ಕೋಣೆಯಲ್ಲಿ ಮಲಗಿರುವಾಗ, ಕೈ ಚಾಚಿ ಕಚ್ಚಿಸಿಕೊಳ್ಳುವುದು ಬೇರೆಯೇ. ನಾನಾದರೆ ಡಬ್ಬ ಮುಚ್ಚಿ ಅಟ್ಟದ ಮೇಲೆ ಇಡುತ್ತಿದ್ದೆನೋ ಏನೋ. ನನಗೂ ಎರಡು ಮಕ್ಕಳು. ಅವರು ಮಲಗಿದ ಮೇಲೆ ಅಡುಗೆಮನೆಯ ಲೈಟಿನಲ್ಲಿ ಓದುತ್ತೇನೆ.

ಇನ್ನೊಂದು ಇಷ್ಟವಾದದ್ದು: ಇಲ್ಲಿ ಬೆನ್ ಚಿಕ್ಕಪ್ಪ ಬದುಕಿದ್ದಾನೆ, ಮೇ ಚಿಕ್ಕಮ್ಮ ಇಲ್ಲ. ಅವನೂ ಜೇಮ್ಸನ್ನೂ ಪತ್ರಿಕೆಯವರು. ಮಾಲೀಕ ಖಳನಾಯಕ ಕಿಂಗ್‌ಪಿನ್ ಆದ ಮೇಲೆ ಇಬ್ಬರೂ ಕೆಲಸ ಬಿಟ್ಟು ತಮ್ಮದೇ ಪತ್ರಿಕೆ ಶುರು ಮಾಡುತ್ತಾರೆ. ಇಬ್ಬರು ಮುದುಕರು ಕೂತು ಜಗಳ ಆಡುತ್ತಾ ಸುದ್ದಿ ಬರೆಯುವ ಪುಟಗಳು ಹೊಡೆದಾಟದ ಪುಟಗಳಿಗಿಂತ ಚೆನ್ನಾಗಿವೆ. ಸುಮ್ನೆ ಹೇಳುತ್ತಿಲ್ಲ. ನನ್ನ ಅಪ್ಪ ಮೂವತ್ತು ವರ್ಷ ಒಂದು ಪತ್ರಿಕೆಗೆ ಊರಿನ ಸುದ್ದಿ ಕಳಿಸಿದವರು. ಪೈಸೆ ಲೆಕ್ಕದ ಸಂಭಾವನೆ. ಆದರೂ ಬಸ್ಸಿನಲ್ಲಿ ಕವರ್ ಕೊಟ್ಟು ಕಳಿಸುವುದನ್ನು ಒಂದು ದಿನ ತಪ್ಪಿಸಿದವರಲ್ಲ.

ದೂರು ಇಲ್ಲವೆಂದಲ್ಲ. ಹೊರಗೆ ಒಂದು ತಿಂಗಳು ಹೋದರೆ ಕಥೆಯಲ್ಲೂ ಒಂದು ತಿಂಗಳು. ಹಾಗಾಗಿ ಒಂದು ಸಂಚಿಕೆ ಕೊನೆಯಲ್ಲಿ ಏನೋ ಆಗುತ್ತದೆ, ಮುಂದಿನದರಲ್ಲಿ ಅದು ಹಳೆಯ ಸುದ್ದಿ. ನಡುವೆ ನಡೆದದ್ದನ್ನು ನಾವೇ ಊಹಿಸಬೇಕು. 24 ಸಂಚಿಕೆಗೆ ಮುಗಿಸಿಯೂ ಬಿಟ್ಟರು. ಇಷ್ಟು ನಿಧಾನ ಮಾಡಿ ಕೊನೆಗೆ ಗಡಿಬಿಡಿ ಯಾಕೆ?

ಬೀಡಿ_ಕಟ್ಟು:

ನಾನು ಹೆಚ್ಚು ಬರೆಯುವವನಲ್ಲ. ಜೇಸನ್ ಆರನ್ ಬರೆದ ‘ಅಬ್ಸಲ್ಯೂಟ್ ಸೂಪರ್‌ಮ್ಯಾನ್’ ಯಾರೂ ಹೇಳಲಿಲ್ಲ ಎಂದು ಬಂದೆ. ಇದರಲ್ಲಿ ಅವನು ಹುಟ್ಟಿದ ಗ್ರಹ ಕ್ರಿಪ್ಟಾನ್‌ನಲ್ಲಿ ಮೇಲು ಕೀಳು ಉಂಟು. ಎದೆಯ ಮೇಲಿನ ಆ ಗುರುತು ರಾಜಮನೆತನದ್ದಲ್ಲ, ದುಡಿಯುವವರದ್ದು. ಭೂಮಿಯಲ್ಲೂ ಅವನು ಮೊದಲು ಕಾಣಿಸಿಕೊಳ್ಳುವುದು ಬ್ರೆಜಿಲ್‌ನ ವಜ್ರದ ಗಣಿಯಲ್ಲಿ, ಕೂಲಿಯವರ ನಡುವೆ. ನನ್ನ ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದಳು. ಅಷ್ಟು ಸಾಕು ನನಗೆ. ಕಥೆ ಹಿಂದೆ ಮುಂದೆ ಜಾಸ್ತಿ ಹಾರುತ್ತದೆ, ಅದು ಮಾತ್ರ ತಲೆನೋವು.

ಡಿಂಗನ_ಭಕ್ತ:

ನೀವೆಲ್ಲ ಗಾಥಮ್, ನ್ಯೂಯಾರ್ಕ್ ಎನ್ನುತ್ತೀರಿ. ನಮ್ಮ ಡಿಂಗನನ್ನು ಮರೆತಿರಾ? ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗ! ಒಂದು ಇಲಿ. ಬೇರೆ ಗ್ರಹದವರು ಹಿಡಿದುಕೊಂಡು ಹೋಗಿ ಏನೋ ಪ್ರಯೋಗ ಮಾಡಿದರು. ವಾಪಸ್ ಬರುವಾಗ ಹಾರಲು ಕಲಿತಿದ್ದ. ಸೂಪರ್‌ಮ್ಯಾನ್ ಬೇರೆ ಗ್ರಹದಿಂದ ಇಲ್ಲಿಗೆ ಬಂದ. ನಮ್ಮವನು ಬೇರೆಯವರ ಹತ್ತಿರ ಹೋಗಿ ಬಂದ. ಒಂಥರಾ ಗಲ್ಫಿಗೆ ಹೋಗಿ ಬಂದ ಹಾಗೆ.

ನಾವು ಕಾಸರಗೋಡಿನವರಿಗೆ ಅವನು ಡಬಲ್. ನಮ್ಮ ಮನೆಗೆ ಕನ್ನಡದ ಬಾಲಮಂಗಳ ಬರುತ್ತಿತ್ತು. ಪಕ್ಕದ ಮನೆಗೆ ಮಲಯಾಳಂ ಬಾಲಮಂಗಳಂ. ನಮ್ಮಲ್ಲಿ ಡಿಂಗ, ಅವರಲ್ಲಿ ಡಿಂಕನ್. ಅವರದ್ದು ಮೊದಲು ಎಂದು ಅವರು, ನಮ್ಮದೇ ಒಳ್ಳೆಯದು ಎಂದು ನಾವು. ಹುಟ್ಟಿದ್ದು ಮಲಯಾಳಂನಲ್ಲಿ, 1983ರಲ್ಲಿ, ಎಂದು ಗೊತ್ತಾದದ್ದು ತುಂಬಾ ತಡವಾಗಿ. ಆ ದಿನ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಕೇರಳದ ಹುಡುಗರು ತಮಾಷೆಗೆ ಡಿಂಕನ್ ಹೆಸರಿನಲ್ಲಿ ಒಂದು ಅಣಕು ಧರ್ಮವನ್ನೇ ಮಾಡಿದರು. ಬ್ಯಾಟ್‌ಮನ್‌ಗೆ ಉಂಟಾ ಇಷ್ಟು ಭಕ್ತಿ?

ಹೊಸೂರಿನವ:

ಗಡಿಯ ಇನ್ನೊಂದು ಮೂಲೆಯಿಂದ ನಮಸ್ಕಾರ. ಡಿಂಗನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಇಲ್ಲಿ ತಮಿಳಿನಲ್ಲಿ 1972ರಲ್ಲಿ ಮುತ್ತು ಕಾಮಿಕ್ಸ್ ಶುರುವಾಯಿತು, 1984ರಲ್ಲಿ ಲಯನ್ ಕಾಮಿಕ್ಸ್. ಎರಡೂ ಶಿವಕಾಶಿಯವು. ಬ್ರಿಟನ್ನಿನ ‘ಸ್ಟೀಲ್ ಕ್ಲಾ’ವನ್ನು ‘ಇರುಂಬುಕ್ಕೈ ಮಾಯಾವಿ’ ಎಂದು ಮಾಡಿ ಮೊದಲ ಪುಸ್ತಕ ತಂದರು. ಇವತ್ತಿಗೂ ಹೊರಗಿನ ಕಾಮಿಕ್ಸ್ ತಮಿಳಿನಲ್ಲಿ ಬರುತ್ತಲೇ ಇದೆ. ನನ್ನ ಗೆಳೆಯರು ತಮಿಳಿನಲ್ಲಿ ಓದುತ್ತಾರೆ. ನಾನು ಮನೆಯಲ್ಲಿ ಕನ್ನಡ, ಕಾಮಿಕ್ಸ್‌ಗೆ ತಮಿಳು.

ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿತ್ತು. ಫ್ಯಾಂಟಮ್, ಮ್ಯಾಂಡ್ರೇಕ್, ಬಹಾದ್ದೂರ್. 1990ರಲ್ಲಿ ಅದು ನಿಂತಿತು. ಮಾವನ ಟ್ರಂಕಿನಲ್ಲಿ ಇನ್ನೂ ಹತ್ತು ಹದಿನೈದು ಇವೆ, ಮುಟ್ಟಲು ಬಿಡುವುದಿಲ್ಲ. ಈ ಹೊಸ ಬ್ಯಾಟ್‌ಮನ್ ಕನ್ನಡದಲ್ಲಿ ಬಂದರೆ ಯಾರಾದರೂ ಕೊಳ್ಳುತ್ತಾರಾ? ನಿಜ ಹೇಳಿ.

ಬದಿಯಡ್ಕ_ಬಸ್ಸು:

ನಾನು ಕೊಳ್ಳುತ್ತೇನೆ. ಇಲ್ಲಿನ ಕನ್ನಡ ಶಾಲೆಯ ಮಕ್ಕಳಿಗೆ ಈಗ ಎರಡೇ ದಾರಿ. ಮಲಯಾಳಂನ ಮಕ್ಕಳ ಪತ್ರಿಕೆ ಬಾಲರಮದ ಮಾಯಾವಿ ಓದಬೇಕು, ಇಲ್ಲವೇ ಇಂಗ್ಲಿಷ್. ನಿಮ್ಮ ಮಾಯಾವಿ ಕಬ್ಬಿಣದ ಕೈಯವನು, ಇವರ ಮಾಯಾವಿ ಕುಟ್ಟಿಚ್ಚಾತ್ತನ್ ಎಂಬ ಪುಟ್ಟ ದೆವ್ವ. ಒಂದು ಮಾಯಾವಿಯಾದರೂ ನಮಗೂ ಬೇಡವಾ?

ಆದರೆ ಅನುವಾದ ಸುಲಭ ಅಲ್ಲ. ಮಾತು ಬಿಡಿ, ಅದನ್ನು ಹೇಗಾದರೂ ಮಾಡಬಹುದು. ಸದ್ದಿಗೆ ಏನು ಮಾಡುತ್ತೀರಿ? ಸ್ಪೈಡರ್‌ಮ್ಯಾನ್ ಬಲೆ ಬಿಡುವಾಗ ಇಂಗ್ಲಿಷಿನಲ್ಲಿ ‘ಥ್ವಿಪ್’. ಕನ್ನಡದಲ್ಲಿ?

ಪೆರ್ಲ_ಮಾಷ್ಟ್ರು:

‘ಸುಂಯ್’.

ಉಪ್ಪಳ_ಗೇಟು:

ಅದು ಬಾಣ ಮಾಷ್ಟ್ರೇ. ನೀವು ಇನ್ನೂ ವಾಲಿಯ ಹತ್ತಿರವೇ ಇದ್ದೀರಿ.

ಮಂಜೇಶ್ವರದಕ್ಕ:

ಮಗಳನ್ನು ಕೇಳಿದೆ. ‘ಪಿಚಕ್’ ಎಂದಳು. ಎಲೆಯಡಿಕೆ ಉಗುಳಿದ ಹಾಗಾಗುತ್ತದೆ ಎಂದೆ. ಬಲೆಯೂ ಹಾಗೇ ತಾನೇ ಬರುವುದು ಎಂದಳು. ಉತ್ತರ ಇಲ್ಲ ನನ್ನ ಹತ್ತಿರ.

ಬಣ್ಣದ_ವೇಷ:

ಚೆಂಡೆಯವರನ್ನು ಕೇಳಿ. ಇಂಗ್ಲಿಷಿನವರು ದೊಡ್ಡ ಅಕ್ಷರದಲ್ಲಿ ಬರೆಯುವ ಎಲ್ಲ ಸದ್ದೂ ಚೆಂಡೆಯಲ್ಲಿ ಉಂಟು. ಬ್ಯಾಟ್‌ಮನ್ ಕೊಡಲಿ ಬೀಸಿದರೆ ಬರೀ ‘ಥಡ್’ ಸಾಕಾಗುವುದಿಲ್ಲ. ಮೊದಲು ಗಾಳಿ, ಆಮೇಲೆ ಪೆಟ್ಟು, ಆಮೇಲೆ ಗೋಡೆ ಬೀಳುವುದು. ‘ವ್ಹೂಂ... ಖಣ್... ಧಡಲ್!’ ಮೂರು ಚೌಕ, ಮೂರು ಸದ್ದು. ಕನ್ನಡದಲ್ಲಿ ಬಿದ್ದದ್ದು ಏನು ಎಂದು ಸದ್ದೇ ಹೇಳುತ್ತದೆ. ತೆಂಗಿನಕಾಯಿ ‘ಧೊಪ್’, ಸೋಗೆ ‘ಸರಕ್ಕನೆ’, ಪಾತ್ರೆ ‘ಢಣಾರ್’, ಮನುಷ್ಯ ‘ದಬಕ್ಕನೆ’. ಇಂಗ್ಲಿಷಿನವರಿಗೆ ಇಷ್ಟು ಬಗೆ ಸಿಕ್ಕಿದರೆ ಬಿಡುತ್ತಿರಲಿಲ್ಲ.

ಮಾತಿನ ಕನ್ನಡ ಯಾವುದು ಎಂಬುದೂ ತೀರ್ಮಾನ ಆಗಬೇಕು. ನನ್ನ ಲೆಕ್ಕದಲ್ಲಿ ಬ್ರೂಸ್ ಮತ್ತು ಗೆಳೆಯರು ನಮ್ಮ ಕಡೆಯ ಮಾತು ಆಡಲಿ. ಆಲ್ಫ್ರೆಡ್ ಮೈಸೂರಿನ ಕನ್ನಡ. ಈ ಲೋಕದ ಜೋಕರ್ ಭಾರೀ ಶ್ರೀಮಂತ, ನಗುವುದೇ ಇಲ್ಲ. ಅವನಿಗೆ ಸರ್ಕಾರಿ ಸುತ್ತೋಲೆಯ ಕನ್ನಡ ಕೊಟ್ಟುಬಿಡಿ. ‘ಸದರಿ ವ್ಯಕ್ತಿಯನ್ನು ತಕ್ಷಣ ವಿಲೇವಾರಿ ಮಾಡತಕ್ಕದ್ದು.’ ಹೆದರಿಕೆ ಆಗುತ್ತದೆ.

ಮಂಜೇಶ್ವರದಕ್ಕ:

ಇದನ್ನು ಓದಿ ಕಾಫಿ ಮೂಗಿಗೆ ಹೋಯಿತು.

ಬಣ್ಣದ_ವೇಷ:

ಬಂದದ್ದು ‘ಅಬ್ಸಲ್ಯೂಟ್ ವಂಡರ್ ವುಮನ್’ ಬಗ್ಗೆ ಹೇಳಲು. ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು ಇದೇ. 2025ರ ಕಾಮಿಕ್ಸ್ ಪ್ರಶಸ್ತಿ ಐಸ್ನರ್‌ನಲ್ಲಿ ಹೊಸ ಸರಣಿಯ ಪ್ರಶಸ್ತಿಯೂ ಇದಕ್ಕೇ ಬಂತು. ಕೆಲ್ಲಿ ಥಾಂಪ್ಸನ್ ಬರೆದದ್ದು, ಹೇಡನ್ ಶೆರ್ಮನ್ ಚಿತ್ರ. ಡಯಾನಾ ಇಲ್ಲಿ ಸ್ವರ್ಗದಂಥ ದ್ವೀಪದಲ್ಲಿ ಬೆಳೆದವಳಲ್ಲ. ನರಕದಲ್ಲಿ, ಸರ್ಸಿ ಎಂಬ ಮಾಟಗಾತಿ ಸಾಕಿದ ಮಗು. ಕುದುರೆ ಬರೀ ಎಲುಬು, ಅದಕ್ಕೆ ರೆಕ್ಕೆ. ಕತ್ತಿ ಅವಳಿಗಿಂತ ಉದ್ದ. ನರಕಕ್ಕೆ ಬಿದ್ದ ಒಬ್ಬನನ್ನು ವಾಪಸ್ ಕಳಿಸಲು ತನ್ನ ಒಂದು ಕೈಯನ್ನೇ ಕೊಟ್ಟವಳು. ಇಷ್ಟೆಲ್ಲ ಆದರೂ ಮಾತು ಮೆತ್ತಗೆ. ಸಾಕಿದವಳ ಮೇಲೆ ಅಷ್ಟು ಪ್ರೀತಿ.

ನಮ್ಮ ತೆಂಕುತಿಟ್ಟಿನ ಯಕ್ಷಗಾನದಲ್ಲಿ ರಾಕ್ಷಸರ ಬಣ್ಣದ ವೇಷ ನೋಡಿದವರಿಗೆ ಈ ಪುಟಗಳು ಕೂಡಲೇ ಅರ್ಥವಾಗುತ್ತವೆ. ವೇಷ ಒಮ್ಮೆಲೇ ಮುಖ ತೋರಿಸುವುದಿಲ್ಲ. ತೆರೆಯ ಮೇಲೆ ಮೊದಲು ಕಿರೀಟದ ತುದಿ. ಆಮೇಲೆ ಬೆರಳು. ಚೆಂಡೆ ಏರುತ್ತಾ ಹೋಗುತ್ತದೆ, ತೆರೆ ಅಲುಗಾಡುತ್ತದೆ, ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ಶೆರ್ಮನ್ ಪುಟ ತಿರುಗಿಸುವುದನ್ನೇ ತೆರೆಯ ಹಾಗೆ ಬಳಸಿದ್ದಾರೆ. ಬಲಗಡೆಯ ಪುಟದಲ್ಲಿ ಬರೀ ಕಣ್ಣು, ಕೈ, ಹೊಗೆ. ತಿರುಗಿಸಿದರೆ ಇಡೀ ವೇಷ. ಟ್ಯಾಬ್‌ನಲ್ಲಿ ಓದಿದರೆ ಇದು ಸಿಕ್ಕುವುದಿಲ್ಲ, ಕಾಗದವೇ ಬೇಕು.

ಡಿಂಗನ_ಭಕ್ತ:

ಹಾಗಾದರೆ ನಮ್ಮ ದೈವಗಳ ಮೇಲೆ ಯಾಕೆ ಇಂಥದ್ದು ಬರಬಾರದು? ನಮ್ಮ ಕಡಲ ದೈವ ಬೊಬ್ಬರ್ಯನ ಎದುರು ಆಕ್ವಾಮ್ಯಾನ್ ಎಷ್ಟರವನು! 2025ರ ಮಲಯಾಳಂ ‘ಲೋಕಃ’ ಸಿನಿಮಾದಲ್ಲಿ ಕಳ್ಳಿಯಂಕಾಟ್ಟು ನೀಲಿಯನ್ನೇ ಸೂಪರ್‌ಹೀರೋ ಮಾಡಿದ್ದಾರೆ.

ಬಣ್ಣದ_ವೇಷ:

ನೀಲಿ ಯಕ್ಷಿ. ಅವಳದು ಕಥೆ. ದೈವ ಹಾಗಲ್ಲ. ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಕೋಲ ಆಗುತ್ತದೆ. ಅದು ಎದುರು ನಿಂತು ನಮ್ಮ ಹೆಸರು ಹಿಡಿದು ಮಾತಾಡುತ್ತದೆ, ಜಮೀನಿನ ಜಗಳ ಬಿಡಿಸುತ್ತದೆ. ಅದಕ್ಕೆ ಕೇಪ್ ಹಾಕಿಸಲು ನನ್ನಿಂದ ಆಗುವುದಿಲ್ಲ. ಯಾರಾದರೂ ಬರೆದರೆ ಅಡ್ಡ ನಿಲ್ಲುವುದೂ ಇಲ್ಲ. ಆದರೆ ಮೊದಲು ನನ್ನ ಅಜ್ಜಿಗೆ ಓದಿ ಹೇಳಿ ಆಮೇಲೆ ಅಚ್ಚು ಹಾಕಲಿ.

ಹೊಸೂರಿನವ:

ಡೆಡ್‌ಪೂಲ್ ಮತ್ತು ಬ್ಯಾಟ್‌ಮನ್ ಒಟ್ಟಿಗೆ ಬಂದದ್ದು ಯಾರಾದರೂ ಓದಿದಿರಾ? ಮಾರ್ವೆಲ್ ಮತ್ತು ಡಿಸಿ ಇಪ್ಪತ್ತು ವರ್ಷ ಕಳೆದು 2025ರಲ್ಲಿ ಕೈ ಕುಲುಕಿದರು.

ಉಪ್ಪಳ_ಗೇಟು:

ಓದಿದೆ. ಮದುವೆ ಮನೆಯಲ್ಲಿ ಎರಡು ಕಡೆಯ ನೆಂಟರು ಫೋಟೋಕ್ಕೆ ನಿಂತ ಹಾಗಿದೆ. ಎಲ್ಲರೂ ನಗುತ್ತಾರೆ, ಯಾರಿಗೂ ಕೆಲಸ ಇಲ್ಲ.

ಪೆರ್ಲ_ಮಾಷ್ಟ್ರು:

ನಿನ್ನೆಯ ಸಾಲ ತೀರಿಸುತ್ತೇನೆ. ಅಮ್ಮ ಬದುಕಿರುವುದು ಪದವನ್ನು ತಿದ್ದಿದ್ದು ಹೌದು. ಸೋಲು ಒಪ್ಪಿದೆ. ಆದರೆ ತಾಳಮದ್ದಳೆಯಲ್ಲಿ ಎದುರಾಳಿಯ ಪ್ರಶ್ನೆಗೆ ಉತ್ತರ ಇಲ್ಲದಾಗ ಒಳ್ಳೆಯ ಅರ್ಥಧಾರಿ ಭಾಗವತರ ಕಡೆ ನೋಡುತ್ತಾನೆ. ಅವರು ಮುಂದಿನ ಪದ ಎತ್ತುತ್ತಾರೆ. ನಾನೂ ಹಾಗೆ ಮುಂದಿನ ಸಂಪುಟದ ಕಡೆ ನೋಡುತ್ತಿದ್ದೇನೆ. ಅದು ಯಾರ ಹತ್ತಿರ ಇದೆ?

ಬದಿಯಡ್ಕ_ಬಸ್ಸು:

ನನ್ನ ಹತ್ತಿರ, ಒಂದು ಲೆಕ್ಕದಲ್ಲಿ. ಆನ್‌ಲೈನ್‌ನಲ್ಲಿ ತರಿಸಿದ್ದೆ. ಪಾರ್ಸೆಲ್ ಒಡೆದು ನೋಡಿದರೆ ಒಳಗೆ ಕುಕ್ಕರಿನ ರಬ್ಬರ್, ಎರಡು. ಯಾರದೋ ಮನೆಯಲ್ಲಿ ಅನ್ನ ಬೇಯದೆ ಬ್ಯಾಟ್‌ಮನ್ ಓದುತ್ತಿದ್ದಾರೆ. ವಾಪಸ್ ಕಳಿಸಿ ಮೂರು ವಾರ ಕಾದೆ. ಕೊನೆಗೆ ಬಂತು. ಒಂದು ಮೂಲೆ ಮಳೆಗೆ ನೆನೆದು ಹಪ್ಪಳದ ಹಾಗೆ ಉಬ್ಬಿದೆ. ಓದಲು ತೊಂದರೆ ಇಲ್ಲ.

ಊರಿನ ಗ್ರಂಥಾಲಯಕ್ಕೂ ಒಂದು ಪ್ರತಿ ತರಿಸಿ ಎಂದು ಕೇಳಿದೆ. ಚಿತ್ರದ ಪುಸ್ತಕಕ್ಕೆ ಇಷ್ಟು ಬೆಲೆಯಾ ಎಂದರು. ಹಾಗಾಗಿ ನನ್ನದೇ ಸುತ್ತಲಿ. ಸೋಮವಾರ ಬೆಳಗಿನ ಬಸ್ಸಿನಲ್ಲಿ ಮಾಷ್ಟ್ರಿಗೆ ಕಳಿಸುತ್ತೇನೆ. ಪೆರ್ಲದಲ್ಲಿ ಇಳಿಸಿಕೊಳ್ಳಿ. ಆಮೇಲೆ ಮಂಜೇಶ್ವರಕ್ಕೆ. ಮಗಳು ಸದ್ದುಗಳಿಗೆ ಕನ್ನಡ ಬರೆಯುವುದಾದರೆ ಪೆನ್ಸಿಲಿನಲ್ಲಿ ಬರೆಯಲಿ.

ಉಪ್ಪಳ_ಗೇಟು:

ಡೀಸೆಲ್ ಲೆಕ್ಕ ಎರಡನೇ ಸಂಪುಟದಲ್ಲಿ ಬರುತ್ತದಾ?

ಬದಿಯಡ್ಕ_ಬಸ್ಸು:

ಇಲ್ಲ.

ಉಪ್ಪಳ_ಗೇಟು:

ಮಂಜೇಶ್ವರ ಆದ ಮೇಲೆ ಉಪ್ಪಳಕ್ಕೆ ಕೊಡಿ.